ಕಡೇ ಕಂಬದ ಮನೆ

2018ರ ಫೆಬ್ರವರಿ 11, ಭಾನುವಾರ. ರಾತ್ರಿ ಒಂಬತ್ತರ ಹತ್ರ ಹತ್ರ. ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕಾಗೆ ಸೇರಿದ ಪೋರ್ಟೊ ರಿಕೊ ದ್ವೀಪದ ಸ್ಯಾನ್ ಹ್ವಾನ್ ಬಂದರಿನಿಂದ ನಮ್ಮ ಕ್ರೂಸ್ ಹಡಗು ಇನ್ನೂ ಹೊರಟಿರಲಿಲ್ಲ, ನಾನು ಅಪ್ಪ ಅಮ್ಮ ಮೂರೂ ಜನ ಮೇಲಿನ ಡೆಕ್ಕಲ್ಲಿ ಕಂಬಿ ಹಿಡ್ಕೊಂಡು ಊರಿನ ದೀಪ ನೋಡ್ತಾ ನಿಂತಿದ್ವಿ. ನೋಡ್ತಿದ್ದಂಗೇ ಊರಿನ ಒಂದು ದಿಕ್ಕಿನ ದೀಪ ಅಷ್ಟೂ ಹೋಯ್ತು. ಒಂದೊಂದಾಗಿ ಅಲ್ಲ, ಒಂದೇ ಸಲಕ್ಕೆ, ಯಾರೋ ಕಂಬಳಿ ಹೊದಿಸಿದಂಗೆ. ಅಪ್ಪ ಮೊದಲು "ಟ್ರಿಪ್ ಆಯ್ತು" ಅಂದ್ರು. ಸ್ವಲ್ಪ ಹೊತ್ತು ಕಾದ್ರು, ದೀಪ ವಾಪಸ್ ಬರಲಿಲ್ಲ. "ಇಲ್ಲ ಕಣಮ್ಮ, ಇದು ಒಂದು ಫೀಡರ್ ಲೈನ್ ಹೋಗಿರೋದಲ್ಲ, ಸ್ಟೇಷನ್ನಲ್ಲೇ ಏನೋ ಆಗಿದೆ" ಅಂದ್ರು. ಮಾರನೇ ದಿನ ಸುದ್ದೀಲೂ ಅದೇ ಬಂತು, ಒಂದು ಸಬ್‌ಸ್ಟೇಷನ್ನಲ್ಲಿ ಸ್ಫೋಟ ಆಗಿ ಬೆಂಕಿ ಹತ್ಕೊಂಡು ದ್ವೀಪದ ಉತ್ತರ ಭಾಗ ಕತ್ತಲಾಗಿತ್ತು.

ಆ ಹೊತ್ತಲ್ಲಿ ನಮ್ಮ ಹಡಗು ಮಾತ್ರ ಜಾತ್ರೆ ತೇರಿನಂಗೆ ಬೆಳಗ್ತಾ ಇತ್ತು. ಅದಕ್ಕೆ ಅದರದ್ದೇ ಜನರೇಟರು, ಊರಿನ ಕರೆಂಟಿನ ಹಂಗಿಲ್ಲ. ಈಜುಕೊಳದ ಪಕ್ಕ ಮ್ಯೂಸಿಕ್ ನಡೀತಾನೇ ಇತ್ತು, ಐಸ್‌ಕ್ರೀಂ ಮಿಷಿನ್ ಮುಂದೆ ಮಕ್ಕಳ ಸಾಲು. ಅಪ್ಪ ಮಾತ್ರ ಆ ಕತ್ತಲೆ ಕಡೆನೇ ನೋಡ್ತಾ ನಿಂತಿದ್ರು. ಅಮ್ಮ ಊಟಕ್ಕೆ ಕರೆದ್ರೆ "ನಡಿ ಬರ್ತೀನಿ" ಅಂದ್ರು, ಆದ್ರೆ ಹಡಗು ಬಂದರು ಬಿಡೋವರೆಗೂ ಅಲ್ಲಿಂದ ಕದಲಲಿಲ್ಲ. ಈ ಪ್ರವಾಸದ ಬಗ್ಗೆ ಬರೀಬೇಕು ಅಂತ ಕೂತಾಗೆಲ್ಲ ನನಗೆ ಮೊದಲು ಕಣ್ಣಿಗೆ ಬರೋದು ಆ ಬೆನ್ನು.

ಅಪ್ಪ ಕೆಇಬಿಯಲ್ಲಿ 34 ವರ್ಷ ಕೆಲಸ ಮಾಡಿದವರು. ಲೈನ್‌ಮ್ಯಾನ್ ಆಗಿ ಸೇರಿ ಮೆಕ್ಯಾನಿಕ್ ಗ್ರೇಡಲ್ಲಿ ರಿಟೈರ್ ಆದ್ರು. ಕೆಇಬಿ ಹೋಗಿ ಸೆಸ್ಕ್ ಬಂದ್ರೂ ನಮ್ಮನೇಲಿ ಈಗ್ಲೂ ಕೆಇಬಿನೇ. ಹೆಚ್ಚಿನ ಸರ್ವಿಸೆಲ್ಲ ಸಕಲೇಶಪುರದ ಕಡೆ, ಹೆತ್ತೂರು, ಹಾನಬಾಳು, ಬಿಸಿಲೆ ಘಾಟಿ ಅಂಚು. ಅಲ್ಲಿ ಜೂನ್ ಬಂತು ಅಂದ್ರೆ ಮರ ಬೀಳೋದು, ತಂತಿ ಹರಿಯೋದು, ಕಂಬ ಮುರಿಯೋದು, ಅಪ್ಪ ರೇನ್‌ಕೋಟ್ ಹಾಕ್ಕೊಂಡು ಹೊರಟ್ರೆ ವಾಪಸ್ ಯಾವಾಗ ಅಂತ ನಮಗೆ ಗೊತ್ತಿರ್ತಿರಲಿಲ್ಲ. ದೊಡ್ಡ ಗಾಳಿ ಮಳೆ ಆದ್ಮೇಲೆ ಯಾವ ಲೈನ್ ಮೊದಲು ಚಾರ್ಜ್ ಮಾಡ್ಬೇಕು ಅನ್ನೋದಕ್ಕೆ ಒಂದು ಕ್ರಮ ಇರತ್ತೆ ಅಂತ ಅವರು ಹೇಳೋರು. ಮೊದಲು ಆಸ್ಪತ್ರೆ, ಕುಡಿಯೋ ನೀರಿನ ಪಂಪ್‌ಹೌಸು. ಆಮೇಲೆ ಪೇಟೆ. ಆಮೇಲೆ ದೊಡ್ಡ ಹಳ್ಳಿಗಳು. ಎಲ್ಲಾ ಆದ್ಮೇಲೆ, ತೋಟದಾಚೆ ಹಳ್ಳದಾಚೆ ಒಂದೇ ಒಂದು ಮನೆಗೋಸ್ಕರ ಹತ್ತು ಕಂಬ ಹೋಗಿರತ್ತಲ್ಲ, ಅದು. ಅದನ್ನ ಅಪ್ಪ "ಕಡೇ ಕಂಬದ ಮನೆ" ಅನ್ನೋರು. ಪೇಟೇಲಿ ಲೈಟ್ ಉರೀತು ಅಂದ್ರೆ ಎಲ್ಲರೂ ಕರೆಂಟ್ ಬಂತು ಅಂತಾರೆ, ಆದ್ರೆ ಲೈನ್‌ಮ್ಯಾನ್ ಲೆಕ್ಕದಲ್ಲಿ ಕಡೇ ಕಂಬದ ಮನೆಗೆ ಬರೋವರೆಗೂ ಬಂದಿಲ್ಲ. ಇದು ಅವರ ಮಾತು, ನಾನು ಚಿಕ್ಕವಳಿದ್ದಾಗಿಂದ ಕೇಳಿರೋದು.

ಆ ಟ್ರಿಪ್ ನಾನು ಬುಕ್ ಮಾಡಿದ್ದು 2017ರ ಮಾರ್ಚ್‌ನಲ್ಲಿ. ಅಪ್ಪ ಅಮ್ಮ ಮೊದಲನೇ ಸಲ ಅಮೆರಿಕಾಗೆ ಬರೋರಿದ್ರು, ಉತ್ತರ ಕೆರೊಲಿನಾದ ಚಳೀಲಿ ಮನೇಲೇ ಕೂರಿಸೋದಕ್ಕಿಂತ ಬೆಚ್ಚಗಿರೋ ಕಡೆ ಕರ್ಕೊಂಡು ಹೋಗೋಣ ಅಂತ. ಆಮೇಲೆ ಸೆಪ್ಟೆಂಬರ್ ಬಂತು. 6ನೇ ತಾರೀಕು ಇರ್ಮಾ ಅನ್ನೋ ಚಂಡಮಾರುತ ಬಾರ್ಬುಡಾ, ಸೇಂಟ್ ಮಾರ್ಟಿನ್, ಸೇಂಟ್ ಥಾಮಸ್ ದ್ವೀಪಗಳ ಮೇಲೆಲ್ಲಾ ಹಾದು ಹೋಯ್ತು, ಗಾಳಿ ಗಂಟೆಗೆ 295 ಕಿಲೋಮೀಟರ್, ಅದೇ ವೇಗದಲ್ಲಿ 37 ಗಂಟೆ ಬೀಸ್ತು ಅದು. ಸರಿಯಾಗಿ ಹನ್ನೆರಡು ದಿನಕ್ಕೆ, 18ನೇ ತಾರೀಕು ರಾತ್ರಿ ಮರಿಯಾ ಅನ್ನೋ ಇನ್ನೊಂದು ಚಂಡಮಾರುತ ಡೊಮಿನಿಕಾ ದ್ವೀಪಕ್ಕೆ ಹೊಡೀತು, 20ಕ್ಕೆ ಪೋರ್ಟೊ ರಿಕೊ. ಇದರಲ್ಲಿ ಹೊಟ್ಟೆ ಉರಿಯೋ ಸಂಗತಿ ಏನಂದ್ರೆ ಇರ್ಮಾ ಆದ ತಕ್ಷಣ ಪಕ್ಕದ ಸೇಂಟ್ ಕ್ರೋಯ್ ಮತ್ತು ಪೋರ್ಟೊ ರಿಕೊ ಜನ ತಮ್ಮ ದೋಣಿಗಳಲ್ಲೇ ನೀರು, ಊಟ, ಡೀಸೆಲ್ ತುಂಬ್ಕೊಂಡು ಸೇಂಟ್ ಥಾಮಸ್‌ಗೆ ಸಹಾಯಕ್ಕೆ ಹೋಗಿದ್ರು. ಎರಡು ವಾರ ಕಳೆಯೋದ್ರೊಳಗೆ ಸಹಾಯ ಮಾಡಿದವರ ಮನೆನೇ ಮರಿಯಾ ತಗೊಂಡು ಹೋಯ್ತು.

ಕ್ರೂಸ್ ಕಂಪನಿಯವರು ಮೇಲ್ ಕಳಿಸಿದ್ರು, ಟ್ರಿಪ್ ಇದೆ, ಡೊಮಿನಿಕಾ ಮಾತ್ರ ಪಟ್ಟಿಯಿಂದ ತೆಗೆದಿದ್ದೀವಿ ಅಂತ. ಇಲ್ಲಿನ ಗೆಳತಿಯರು ಇಬ್ಬರು ಮೂವರು ಕೇಳಿದ್ರು, ಜನ ಮನೆ ಮಠ ಕಳ್ಕೊಂಡಿರೋ ಕಡೆ ಮಜಾ ಮಾಡೋಕೆ ಹೋಗೋದು ಸರಿನಾ ಅಂತ. ನನಗೂ ಅದೇ ಕೊರೀತಿತ್ತು. ಅಪ್ಪನಿಗೆ ಫೋನಲ್ಲಿ ಹೇಳಿದೆ. ಅವರು ಒಂದೇ ಮಾತು ಕೇಳಿದ್ರು, "ಅಲ್ಲಿಯವರು ಬರಬೇಡಿ ಅಂದಿದ್ದಾರಾ?" ಇಲ್ಲ, ಬನ್ನಿ ಅಂತಿದ್ದಾರೆ ಅಂದೆ. "ಮತ್ತಿನ್ನೇನು, ಹೋಗಣ. ಕಣ್ಣು ಬಿಟ್ಕೊಂಡು ಹೋಗಣ" ಅಂದ್ರು.

ಸ್ಯಾನ್ ಹ್ವಾನ್‌ನಲ್ಲಿ ಹಡಗು ಹತ್ತೋ ಮುಂಚೆ ಒಂದೂವರೆ ದಿನ ಇದ್ವಿ. ಏರ್‌ಪೋರ್ಟಿಂದ ಟ್ಯಾಕ್ಸೀಲಿ ಬರ್ತಾ ಎಷ್ಟೋ ಸರ್ಕಲ್‌ಗಳಲ್ಲಿ ಸಿಗ್ನಲ್ ಲೈಟೇ ಇಲ್ಲ, ಗಾಡಿಯವರು ಒಬ್ಬರಿಗೊಬ್ಬರು ಕೈ ತೋರಿಸ್ಕೊಂಡು ದಾಟ್ತಿದ್ರು. ಗೋಡೆ ಮೇಲೆ, ಅಂಗಡಿ ಗಾಜಿನ ಮೇಲೆ, ಬಸ್ಸಿನ ಹಿಂದೆ ಎಲ್ಲಾ ಕಡೆ ಸ್ಪ್ಯಾನಿಷ್‌ನಲ್ಲಿ ಒಂದೇ ಬರಹ, "ಪೋರ್ಟೊ ರಿಕೊ ಸೆ ಲೆವಾಂತಾ", ಅಂದ್ರೆ ಪೋರ್ಟೊ ರಿಕೊ ಏಳ್ತಾ ಇದೆ ಅಂತ. ಆದ್ರೆ ಹಡಗು ನಿಲ್ಲೋ ಹಳೇ ಊರಿಗೆ ಬಂದ್ರೆ ಏನೂ ಆಗೇ ಇಲ್ಲ ಅನ್ನಿಸತ್ತೆ. ನೀಲಿ ಕಲ್ಲು ಹಾಸಿದ ಬೀದಿ, ಹಳದಿ ಗುಲಾಬಿ ಬಣ್ಣದ ಮನೆ, ಕಾಫಿ ಅಂಗಡಿ, ಕೋಟೆ ಮುಂದಿನ ಹುಲ್ಲಲ್ಲಿ ಗಾಳಿಪಟ. ಅಮ್ಮ "ಎಷ್ಟು ಚಂದ ಇಟ್ಕೊಂಡಿದ್ದಾರೆ ಕಣೇ" ಅಂದ್ಲು. ನಿಜವಾಗ್ಲೂ ಚಂದ. ಅದೇ ಹೊತ್ತಲ್ಲಿ ಬೆಟ್ಟದ ಕಡೆ ಲಕ್ಷಾಂತರ ಜನ ಐದು ತಿಂಗಳಿಂದ ಕರೆಂಟಿಲ್ಲದೆ ಇದ್ರು.

ಯಾಕೆ ಇಷ್ಟು ತಡ ಅಂತ ನಾನು ಕೇಳಿದ್ದಕ್ಕೆ ಅಪ್ಪ ಹೋಟೆಲ್ ಲಾಬೀಲಿ ಸಿಕ್ಕಿದ ಟೂರಿಸ್ಟ್ ಮ್ಯಾಪ್ ಬಿಡಿಸಿ ಕೂತ್ರು. ಆ ದ್ವೀಪದಲ್ಲಿ ಕರೆಂಟ್ ತಯಾರಾಗೋ ದೊಡ್ಡ ಸ್ಥಾವರಗಳು ಇರೋದು ದಕ್ಷಿಣದ ಕರಾವಳೀಲಿ, ಜನ ಹೆಚ್ಚಿಗೆ ಇರೋದು ಉತ್ತರದಲ್ಲಿ, ಮಧ್ಯೆ ಅಡ್ಡಕ್ಕೆ ಬೆಟ್ಟದ ಸಾಲು. ಹೈಟೆನ್ಷನ್ ಲೈನು ಆ ಬೆಟ್ಟ ಹತ್ತಿ ಇಳಿದು ಬರಬೇಕು. "ನಮ್ಮ ಘಾಟಿ ಲೈನ್ ಥರಾನೇ, ಅಲ್ಲಿ ಟವರ್ ಬಿತ್ತು ಅಂದ್ರೆ ಸಾಮಾನು ಹೊತ್ಕೊಂಡು ಹೋಗೋಕೇ ರಸ್ತೆ ಇರಲ್ಲ" ಅಂದ್ರು. ಕೊನೆಗೆ ಅಲ್ಲಿ ಎಲ್ಲಾ ಮನೆಗೂ ಕರೆಂಟ್ ಬಂತು ಅಂತಾಗಿದ್ದು 2018ರ ಆಗಸ್ಟ್‌ನಲ್ಲಿ, ಹನ್ನೊಂದು ತಿಂಗಳು. ಅಮೆರಿಕಾದ ಚರಿತ್ರೇಲೇ ಅಷ್ಟು ಉದ್ದದ ಕತ್ತಲು ಇನ್ನೊಂದಿಲ್ಲ. ಅದೇ ಆಗಸ್ಟ್‌ನಲ್ಲಿ ಸರ್ಕಾರ ಸಾವಿನ ಲೆಕ್ಕಾನೂ ಬದಲಾಯಿಸ್ತು. ಮೊದಲು 64 ಅಂದಿದ್ರು, ಜಾರ್ಜ್ ವಾಷಿಂಗ್ಟನ್ ಯೂನಿವರ್ಸಿಟಿ ಅಧ್ಯಯನ ಆದ್ಮೇಲೆ 2,975 ಅಂದ್ರು. 64 ಎಲ್ಲಿ, 2,975 ಎಲ್ಲಿ. ಗಾಳಿ ನಿಂತ ಮೇಲೂ ಜನ ಸಾಯ್ತಾನೇ ಇದ್ರು. ಡಯಾಲಿಸಿಸ್ ಸಿಗದೆ, ಆಕ್ಸಿಜನ್ ಮಿಷಿನ್ ಓಡದೆ, ಇನ್ಸುಲಿನ್ ಇಡೋಕೆ ಫ್ರಿಜ್ ಇಲ್ಲದೆ, ಆಸ್ಪತ್ರೆಗೆ ಹೋಗೋಕೆ ದಾರಿ ಇಲ್ಲದೆ. ಆ ಸುದ್ದಿ ಬಂದಾಗ ಅಪ್ಪ ವಾಪಸ್ ಹಾಸನಕ್ಕೆ ಹೋಗಿ ಆಗಿತ್ತು. ಫೋನಲ್ಲಿ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ರು. ಅವರ ಸರ್ವಿಸಲ್ಲೂ ಅಂಥದ್ದೊಂದು ಮನೆ ಇತ್ತು ಅಂತ ನನಗೆ ಗೊತ್ತು, ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ.

ಹಡಗು ಹೊರಟ ಮಾರನೇ ಬೆಳಿಗ್ಗೆ ಸೇಂಟ್ ಥಾಮಸ್. ಶಾರ್ಲಟ್ ಅಮಾಲ್ಯ ಅನ್ನೋ ಊರು, ಕುದುರೆ ಲಾಳದ ಆಕಾರದ ಬಂದರು, ಸುತ್ತ ಗುಡ್ಡ, ಗುಡ್ಡದ ಮೈತುಂಬಾ ಮನೆ. ಡೆನ್ಮಾರ್ಕಿನವರ ಕೈಲಿದ್ದ ದ್ವೀಪ, 1917ರಲ್ಲಿ ಅಮೆರಿಕಾದವರು ಎರಡೂವರೆ ಕೋಟಿ ಡಾಲರ್ ಬಂಗಾರ ಕೊಟ್ಟು ಕೊಂಡ್ಕೊಂಡ್ರು. ಬಾಲ್ಕನಿಯಿಂದ ನೋಡಿದ ಅಮ್ಮ "ಎಲ್ಲರೂ ನೀಲಿ ಬಣ್ಣದ ಸೂರು ಮಾಡ್ಕೊಂಡಿದ್ದಾರಲ್ಲ" ಅಂದ್ಲು. ನಾನೂ ಒಂದು ಕ್ಷಣ ಹಂಗೇ ಅಂದ್ಕೊಂಡೆ. ಸೂರಲ್ಲ ಅದು, ಟಾರ್ಪಾಲು. ಸೂರು ಹಾರಿಹೋದ ಮನೆಗಳಿಗೆ ಸರ್ಕಾರದವರು ತಾತ್ಕಾಲಿಕ ಅಂತ ಹೊಡೆಸಿಕೊಟ್ಟ ನೀಲಿ ಪ್ಲಾಸ್ಟಿಕ್ಕು, ಪಟ್ಟಿ ಹಾಕಿ ಮೊಳೆ ಹೊಡೆದಿದ್ರು. ಸೆಪ್ಟೆಂಬರ್‌ನಲ್ಲಿ ಹಾರಿದ ಸೂರು, ನಾವು ನೋಡ್ತಿದ್ದಿದ್ದು ಫೆಬ್ರವರೀಲಿ. ಗುಡ್ಡದ ಮೇಲೆ ಹೋದಷ್ಟೂ ನೀಲಿ ಜಾಸ್ತಿ. ಕೆಳಗೆ ಹಡಗುಕಟ್ಟೆ ಹತ್ರ ಒಂದೂ ಇಲ್ಲ.

ಅಲ್ಲಿ ಸಫಾರಿ ಅಂತ ಟ್ಯಾಕ್ಸಿ ಇರತ್ತೆ, ಟ್ರಕ್ಕಿನ ಹಿಂದೆ ಬೆಂಚು ಕೂರಿಸಿ ಮೇಲೊಂದು ಸೂರು ಹಾಕಿರೋದು. ಒಬ್ಬ ಹೆಂಗಸು ಓಡಿಸ್ತಿದ್ರು, ನನ್ನ ಚಿಕ್ಕಮ್ಮನ ವಯಸ್ಸು. ನಾನು ಹೋಗಿದ್ದೇ "ಬೀಚಿಗೆ ಎಷ್ಟು" ಅಂದೆ. ಅವರು ನನ್ನ ಮುಖ ನೋಡಿ ನಿಧಾನಕ್ಕೆ "ಗುಡ್ ಮಾರ್ನಿಂಗ್" ಅಂದು ಸುಮ್ಮನಾದ್ರು. ಆ ಊರಲ್ಲಿ ಗುಡ್ ಮಾರ್ನಿಂಗ್ ಹೇಳದೆ ಮಾತು ಶುರು ಮಾಡಬಾರದು, ಅಂಗಡಿಗೆ ಹೋದ್ರೂ ಬಸ್ ಹತ್ತಿದ್ರೂ ಮೊದಲು ಅದು. ಊರಲ್ಲಿ ನಾವು ಯಾರದ್ದಾದ್ರೂ ಮನೆ ಮೆಟ್ಟಿಲು ಹತ್ತಿದ್ರೆ "ಊಟ ಆಯ್ತಾ" ಅಂತ ಕೇಳಿಯೇ ವಿಷಯಕ್ಕೆ ಬರೋದಲ್ವಾ, ಹಂಗೆ. ಅಪ್ಪ ಆವತ್ತಿಡೀ ಕಂಡಕಂಡವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಿದ್ರು, ಎಲ್ಲರೂ ಅಷ್ಟೇ ಚೆನ್ನಾಗಿ ವಾಪಸ್ ಹೇಳಿದ್ರು.

ಬೀಚಿಗೆ ಅಂತ ಹೊರಟವರು ಬೀಚಲ್ಲಿ ಇದ್ದಿದ್ದು ಒಂದು ಗಂಟೆ. ಅಪ್ಪ ದಾರಿಯುದ್ದಕ್ಕೂ ಕಂಬ ನೋಡ್ತಾ, ಮುರಿದ ಮರದ ಕಂಬದ ಬುಡ, ಪಕ್ಕದಲ್ಲಿ ನೆಟ್ಟ ಹೊಸ ಕಂಬ, ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಎಷ್ಟು ಕೆವಿಎದ್ದು ಅಂತೆಲ್ಲಾ ಕೇಳ್ತಾ ಇದ್ರು, ನಾನು ಇಂಗ್ಲಿಷ್‌ಗೆ ಮಾಡಿ ಹೇಳ್ತಿದ್ದೆ, ಆಮೇಲೆ ಆ ಹೆಂಗಸೇ ಗಾಡಿ ಗುಡ್ಡದ ಕಡೆ ತಿರುಗಿಸಿದ್ರು. ಅವರ ಮನೆ ಉತ್ತರದ ಇಳಿಜಾರಲ್ಲಿ. ಬಂದರಿನ ಬೀದಿಗೆ ಕರೆಂಟ್ ಬಂದು ವಾರಗಟ್ಟಲೆ ಆದ್ಮೇಲೆ, ಜನವರಿ ಕೊನೇಲಿ ಅವರ ಮನೆಗೆ ಬಂದಿದ್ದಂತೆ. ಅಪ್ಪ ನನ್ನ ಕಡೆ ತಿರುಗಿ "ಕಡೇ ಕಂಬ" ಅಂದ್ರು.

ಅವರ ಮನೇಲಿ ನಾನು ಕಲಿತಿದ್ದು ಏನಂದ್ರೆ, ಆ ದ್ವೀಪದಲ್ಲಿ ಸೂರು ಅಂದ್ರೆ ಬರೀ ನೆರಳಲ್ಲ, ನೀರು. ಅಲ್ಲಿ ನದಿ ಇಲ್ಲ, ಬಾವಿ ನೀರು ಸಾಲದು. ಅದಕ್ಕೆ ಮನೆ ಕಟ್ಟುವಾಗಲೇ ಅಡಿಯಲ್ಲಿ ಕಾಂಕ್ರೀಟ್ ತೊಟ್ಟಿ ಇರಬೇಕು ಅಂತ ಕಾನೂನೇ ಇದೆ, ಬೆಂಗಳೂರಿನ ಸಂಪ್ ಇದೆಯಲ್ಲ ಅದರ ಹಾಗೆ, ಆದ್ರೆ ಅದಕ್ಕಿಂತ ಎಷ್ಟೋ ದೊಡ್ಡದು. ಸೂರಿನ ಮೇಲೆ ಬಿದ್ದ ಮಳೆ ಅಂಚಿನ ದೋಣಿಯಲ್ಲಿ ಹರಿದು ತೊಟ್ಟಿಗೆ ಬೀಳತ್ತೆ, ಅದನ್ನ ಪಂಪ್ ಹಾಕಿ ಮೇಲೆ ತಗೋತಾರೆ. ಈಗ ಯೋಚನೆ ಮಾಡಿ, ಗಾಳಿಗೆ ಸೂರು ಹೋಯ್ತು, ಮಳೆ ಸುರೀತಾನೇ ಇದೆ ಆದ್ರೆ ಹಿಡಿಯೋಕೆ ಸೂರಿಲ್ಲ, ತೊಟ್ಟೀಲಿದ್ದ ನೀರಿಗೆ ಎಲೆ ಕಸ ಉಪ್ಪುನೀರು ಸೇರಿದೆ, ಅದನ್ನೂ ಮೇಲೆತ್ತೋಕೆ ಕರೆಂಟಿಲ್ಲ. ಮನೆ, ನೀರು, ದೀಪ ಮೂರೂ ಒಂದೇ ರಾತ್ರೀಲಿ. ಆ ತಾಯಿ ತೊಟ್ಟಿ ಮುಚ್ಚಳ ತೆಗೆದು ಹಗ್ಗ ಕಟ್ಟಿ ಬಕೆಟ್ಟಲ್ಲಿ ನೀರು ಸೇದಿ ಕುದಿಸಿ ಕುಡಿದಿದ್ದಾರೆ, ನಾಲ್ಕು ತಿಂಗಳಿಗೂ ಹೆಚ್ಚು ಕಾಲ. ಅಮ್ಮನಿಗೆ ನಾನು ಹೇಳಬೇಕಾಗೇ ಇರಲಿಲ್ಲ, ಹಗ್ಗ ಬಕೆಟ್ ನೋಡಿದ್ದೇ ಅರ್ಥ ಆಗಿತ್ತು. ಅವರ ಅಂಗೈ ತಗೊಂಡು ನೋಡಿದ್ಲು.

ನಾವು ಬಂದಿದ್ದಕ್ಕೆ ನಿಮಗೆ ಬೇಜಾರಿಲ್ವಾ ಅಂತ ನಾನು ಕೇಳೇಬಿಟ್ಟೆ. ಅವರು ಹೇಳಿದ್ದನ್ನ ಕನ್ನಡದಲ್ಲಿ ಹೇಳ್ತೀನಿ. ಸೆಪ್ಟೆಂಬರ್ 6ರಿಂದ ನವೆಂಬರ್ 10ರವರೆಗೆ ಪ್ರವಾಸಿಗರ ಹಡಗು ಒಂದೂ ಬರಲಿಲ್ಲ, ನನ್ನ ಗಾಡಿ ಹಂಗೇ ನಿಂತಿತ್ತು, 10ಕ್ಕೆ ಮೊದಲನೇ ಹಡಗು ಬಂದಾಗ ನಾವೆಲ್ಲ ಕಟ್ಟೆ ಮೇಲೆ ನಿಂತು ಅತ್ತಿದ್ದೀವಿ. ಕಟ್ಟೆಗೆ ಮೊದಲು ಕರೆಂಟ್ ಕೊಟ್ರು ಅಂತ ನನಗೆ ಸಿಟ್ಟಿಲ್ಲ, ಕಟ್ಟೆ ಎದ್ದರೆ ನಾನು ಏಳ್ತೀನಿ. ಆದ್ರೆ ಕಟ್ಟೆ ನೋಡಿ ಈ ಊರು ಸರಿಹೋಯ್ತು ಅಂತ ನಿಮ್ಮೂರಲ್ಲಿ ಹೇಳಬೇಡಿ. ಇಷ್ಟು. 1995ರ ಮ್ಯಾರಿಲಿನ್ ಚಂಡಮಾರುತ ಆದಾಗ ಅವರಿಗೆ ಮೂವತ್ತು ವರ್ಷ, ಆಗಲೂ ಸೂರು ಹೋಗಿತ್ತಂತೆ. ಅಲ್ಲಿಯವರು ಮದುವೆ, ಹೆರಿಗೆ, ಮನೆ ಕಟ್ಟಿದ್ದು ಎಲ್ಲಾ ಚಂಡಮಾರುತದ ಹೆಸರಲ್ಲೇ ನೆನಪಿಟ್ಕೋತಾರೆ, ಮ್ಯಾರಿಲಿನ್‌ಗೆ ಮುಂಚೆ, ಮ್ಯಾರಿಲಿನ್ ಆದ್ಮೇಲೆ ಅಂತ. ಇನ್ಮೇಲೆ ಇರ್ಮಾ.

ಮಧ್ಯಾಹ್ನ ಹನ್ನೆರಡೂವರೆಗೆ ಯೂನಿಫಾರ್ಮ್ ಹಾಕ್ಕೊಂಡ ಮಕ್ಕಳು ಸ್ಕೂಲ್ ಕಡೆ ನಡ್ಕೊಂಡು ಹೋಗ್ತಿದ್ರು. ಸ್ಕೂಲು ಬಿಡೋ ಹೊತ್ತಾ ಅಂದ್ರೆ ಅಲ್ಲ, ಶುರುವಾಗೋ ಹೊತ್ತು. ಕಟ್ಟಡಗಳು ಬಿದ್ದಿರೋದ್ರಿಂದ ಒಂದೇ ಬಿಲ್ಡಿಂಗಲ್ಲಿ ಬೆಳಿಗ್ಗೆ ಒಂದು ಸ್ಕೂಲು, ಮಧ್ಯಾಹ್ನ ಇನ್ನೊಂದು. ಊಟಕ್ಕೆ ಒಂದು ಚಿಕ್ಕ ಹೋಟೆಲಿಗೆ ಕರ್ಕೊಂಡು ಹೋದ್ರು. ಅಲ್ಲಿ ಫಂಗಿ ಅಂತ ಕೊಡ್ತಾರೆ, ಮುಸುಕಿನ ಜೋಳದ ಹಿಟ್ಟು ಕುದಿಯೋ ನೀರಿಗೆ ಹಾಕಿ, ಬೆಂಡೆಕಾಯಿ ಸೇರಿಸಿ, ಮರದ ಕೋಲಲ್ಲಿ ಗಂಟಿಲ್ಲದಂಗೆ ತಿರುವಿ ಉಂಡೆ ಮಾಡೋದು. ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು ಕೋಲು ತಿರುವೋದನ್ನ ನೋಡಿ "ಅಯ್ಯೋ ಮುದ್ದೆ ಕಣೇ ಇದು" ಅಂದ್ಲು, ಸರಿಯಾಗಿ ತಿರುವ್ತಾಳೆ ಅಂತ ಅಡುಗೆಯವಳನ್ನ ಹೊಗಳಿದ್ಲು ಕೂಡ. ಅಪ್ಪ ಮೂರು ದಿನದ ಮೇಲೆ ಹೊಟ್ಟೆ ತುಂಬಾ ಉಂಡಿದ್ದು ಅಲ್ಲೇ.

ವಾಪಸ್ ಬರ್ತಾ ರಸ್ತೆ ಬದೀಲಿ ಲೈನ್ ಕೆಲಸ ನಡೀತಿತ್ತು. ಅಮೆರಿಕಾದ ದೊಡ್ಡ ನಾಡಿಂದ ಬಂದ ಗ್ಯಾಂಗು, ಬುಟ್ಟಿ ಇರೋ ಕ್ರೇನ್ ಗಾಡಿ. ಅಪ್ಪ ಗಾಡಿ ನಿಲ್ಲಿಸೋಕೆ ಹೇಳಿ ಇಳಿದು ಹೋಗಿ ದೂರದಲ್ಲೇ ನಿಂತ್ರು, ಕೆಲಸ ನಡೀವಾಗ ಹತ್ರ ಹೋಗಬಾರದು ಅಂತ ಅವರಿಗೆ ಗೊತ್ತಲ್ಲ. ಬುಟ್ಟಿಯಿಂದ ಒಬ್ಬ ಇಳಿದು ನೀರು ಕುಡಿಯೋಕೆ ಬಂದ, ನನಗಿಂತ ಚಿಕ್ಕವನು. ಅಪ್ಪ ತಮ್ಮ ಇಂಗ್ಲಿಷಲ್ಲಿ "ಗುಡ್ ಆಫ್ಟರ್‌ನೂನ್, ಐ ಲೈನ್‌ಮ್ಯಾನ್, ಇಂಡಿಯಾ, ಥರ್ಟಿ ಫೋರ್ ಇಯರ್ಸ್" ಅಂದ್ರು. ಆ ಹುಡುಗ ಗ್ಲೌಸ್ ತೆಗೆದು ಕೈ ಕೊಟ್ಟ. ಅಕ್ಟೋಬರ್‌ನಲ್ಲಿ ಮನೆ ಬಿಟ್ಟಿದ್ದಂತೆ, ಮಗಳು ಹುಟ್ಟಿದ್ದನ್ನ ಫೋನಲ್ಲೇ ನೋಡಿದ್ದಂತೆ. ಅಪ್ಪ ನನ್ನ ಹತ್ರ "ಕೇಳು, ಎಲ್‌ಸಿ ಯಾರು ಕೊಡ್ತಾರೆ, ಬ್ಯಾಕ್‌ಫೀಡ್ ಹೆಂಗೆ ನೋಡ್ಕೋತಾರೆ, ಮನೆಮನೇಲೂ ಜನರೇಟರ್ ಇದೆಯಲ್ಲ" ಅಂದ್ರು. ಎಲ್‌ಸಿ ಅಂದ್ರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡೋ ಅನುಮತಿ. ಬ್ಯಾಕ್‌ಫೀಡ್ ಅನ್ನೋದು ಲೈನ್ ಕೆಲಸದವರ ಜೀವದ ಪ್ರಶ್ನೆ, ಲೈನ್ ಆಫ್ ಮಾಡಿದ್ರೂ ಯಾವುದೋ ಮನೆಯ ಜನರೇಟರಿಂದ ಕರೆಂಟ್ ವಾಪಸ್ ತಂತಿಗೆ ಬಂದ್ರೆ ಕಂಬದ ಮೇಲಿದ್ದವನು ಹೋದ. ಆ ಹುಡುಗನ ಮುಖ ಬದಲಾಯ್ತು, ಎರಡೂ ಕಡೆ ಅರ್ತ್ ಮಾಡಿಯೇ ಮುಟ್ಟೋದು ಅಂತ ತೋರಿಸಿಕೊಟ್ಟ, ಅಪ್ಪ ತಲೆ ಆಡಿಸಿದ್ರು. ಹತ್ತು ನಿಮಿಷ ಇಬ್ಬರೂ ತಂತಿ ಕಡೆ ಕೈ ತೋರಿಸ್ಕೊಂಡು ಮಾತಾಡಿದ್ರು, ಅರ್ಧಕ್ಕಿಂತ ಹೆಚ್ಚು ನನ್ನ ಸಹಾಯ ಇಲ್ಲದೇನೇ.

ಮಂಗಳವಾರ ಸಿಂಟ್ ಮಾರ್ಟನ್, ಅಂದ್ರೆ ಸೇಂಟ್ ಮಾರ್ಟಿನ್ ದ್ವೀಪದ ಡಚ್ ಭಾಗ. ಒಂದೇ ದ್ವೀಪ, ಉತ್ತರ ಅರ್ಧ ಫ್ರಾನ್ಸಿಂದು, ದಕ್ಷಿಣ ಅರ್ಧ ಡಚ್ಚರದ್ದು, 1648ರಿಂದ ಹಂಗೇ. ಹಡಗು ನಿಲ್ಲೋದು ಡಚ್ ಕಡೆಯ ಫಿಲಿಪ್ಸ್‌ಬರ್ಗಲ್ಲಿ. ಅಲ್ಲಿ ಇರ್ಮಾ ಬಿಟ್ಟಿದ್ದೇ ಕಮ್ಮಿ, ಹತ್ತರಲ್ಲಿ ಒಂಬತ್ತು ಕಟ್ಟಡಕ್ಕೆ ಏಟು. ಪ್ರಿನ್ಸೆಸ್ ಜೂಲಿಯಾನಾ ಏರ್‌ಪೋರ್ಟಿನ ಸೂರು ಹೋಗಿ, ಪ್ರಯಾಣಿಕರನ್ನ ಟೆಂಟಲ್ಲಿ ಕೂರಿಸ್ತಿದ್ರು, ಆ ಟರ್ಮಿನಲ್ ಪೂರ್ತಿ ಎದ್ದಿದ್ದು 2024ಕ್ಕೆ. ಅಂದ್ರೆ ಏಳು ವರ್ಷ. ಸಿಂಪ್ಸನ್ ಬೇ ಹಿನ್ನೀರಿನಲ್ಲಿ ದೋಣಿಗಳು ಮಗುಚಿ ಒಂದರ ಮೇಲೊಂದು ಬಿದ್ದಿದ್ವು. ಆದ್ರೆ ಅಪ್ಪ ಇಲ್ಲಿ ಖುಷಿಯಾಗಿದ್ದರು, ಯಾಕಂದ್ರೆ ಎಷ್ಟೋ ರಸ್ತೇಲಿ ಕಂಬನೇ ಇಲ್ಲ, ಇರ್ಮಾಗೆ ಮುಂಚೆನೇ ಕೇಬಲ್ ನೆಲದೊಳಗೆ ಹಾಕಿದ್ರು. "ದುಡ್ಡು ಜಾಸ್ತಿ ಆಗತ್ತೆ, ಆದ್ರೆ ಗಾಳಿಗೆ ಸಿಗಲ್ಲ ನೋಡು" ಅಂದ್ರು.

ಫ್ರಂಟ್ ಸ್ಟ್ರೀಟ್ ಅನ್ನೋ ಅಂಗಡಿ ಬೀದೀಲಿ ವಜ್ರ, ವಾಚು, ಕ್ಯಾಮೆರಾ ಮಾರೋರಲ್ಲಿ ನಮ್ಮ ದೇಶದ ಸಿಂಧಿಗಳು ತುಂಬಾ ಜನ, ಎರಡು ಮೂರು ತಲೆಮಾರಿನವರು. ಒಬ್ಬ ಅಂಗಡಿಯವರು ಅಮ್ಮನ ಸೀರೆ ನೋಡಿ ಕರೆದು ಕೂರಿಸಿ ಟೀ ಕೊಟ್ರು. ಗಾಳಿಗಿಂತ ಗಾಳಿ ಆದ್ಮೇಲಿನ ಲೂಟಿ ಅವರನ್ನ ಮುರಿದಿತ್ತು. ಮೂರು ದಿನ ಅಂಗಡಿ ಬಾಗಿಲಲ್ಲೇ ಮಲಗಿದ್ದರಂತೆ. ಆದ್ರೂ ಅವರು ಇನ್ನೊಂದು ಮಾತು ಸೇರಿಸಿದ್ರು, ಲೂಟಿ ಮಾಡಿದವರಲ್ಲಿ ವಾಚ್ ತಗೊಂಡವರೂ ಇದ್ರು, ನೀರಿನ ಬಾಟಲಿ ತಗೊಂಡವರೂ ಇದ್ರು, ಇಬ್ಬರನ್ನೂ ಒಂದೇ ಅಂತ ನಾನು ಹೇಳಲ್ಲ ಅಂತ. ನನಗೆ ಆ ಮಾತು ತುಂಬಾ ದೊಡ್ಡದಾಗಿ ಕಾಣ್ತು. ಆಮೇಲೆ ಗಾಳಿ ದಿಕ್ಕು ಬದಲಾದಾಗ ಸುಟ್ಟ ವಾಸನೆ ಬಂತು. ಊರ ಹಿಂದಿನ ದೊಡ್ಡ ಉಪ್ಪಿನ ಕೊಳದ ಮಧ್ಯೆ ಕಸ ಹಾಕೋ ಜಾಗ ಇದೆ, ಇರ್ಮಾದ ಅವಶೇಷ ಎಲ್ಲಾ ಅಲ್ಲೇ ಗುಡ್ಡೆ ಹಾಕಿದ್ದು, ಅದಕ್ಕೆ ಆಗಾಗ ಬೆಂಕಿ ಹತ್ಕೊಳ್ಳತ್ತೆ. ಸಮುದ್ರದ ಕಡೆಯ ಕಾಲುದಾರೀಲಿ ನಡೆಯೋ ನಮ್ಮಂಥವರಿಗೆ ಒಂದು ಗಳಿಗೆ ಮೂಗು ಮುಚ್ಕೊಂಡ್ರೆ ಆಯ್ತು. ಆ ಕೊಳದ ಸುತ್ತ ಮನೆಗಳಿವೆ, ಮಕ್ಕಳಿದ್ದಾರೆ.

ಆಂಟಿಗಾದಲ್ಲಿ ಅಪ್ಪನಿಗೆ ಒಂದೇ ಆಸೆ, ಸೇಂಟ್ ಜಾನ್ಸ್‌ನ ಹಳೇ ಕ್ರಿಕೆಟ್ ಗ್ರೌಂಡ್. 2002ರಲ್ಲಿ ನಮ್ಮ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ಕೊಂಡು ಬೌಲ್ ಮಾಡಿ ಲಾರಾನ ಔಟ್ ಮಾಡಿದ್ದು ಅಲ್ಲೇ. ಹಡಗುಕಟ್ಟೆಯಿಂದ ನಡ್ಕೊಂಡೇ ಹೋದ್ವಿ. ಗ್ರೌಂಡ್ ಹೊರಗೆ ಹಣ್ಣು ಮಾರ್ತಿದ್ದ ಅಜ್ಜಿ ಬಾರ್ಬುಡಾದವರು. ಇರ್ಮಾ ಆದ್ಮೇಲೆ ಆ ಪುಟ್ಟ ದ್ವೀಪದ ಸುಮಾರು 1,800 ಜನರನ್ನೂ ಆಂಟಿಗಾಗೆ ಸಾಗಿಸಿದ್ರು, ಮುನ್ನೂರು ವರ್ಷದಲ್ಲಿ ಮೊದಲನೇ ಸಲ ಅಲ್ಲಿ ಒಬ್ಬ ಮನುಷ್ಯನೂ ಇಲ್ಲದಂಗಾಯ್ತು. ಬಾರ್ಬುಡಾದಲ್ಲಿ ಭೂಮಿ ಯಾರೊಬ್ಬರ ಹೆಸರಲ್ಲೂ ಇರ್ತಿರಲಿಲ್ಲ, ಇಡೀ ಜನಕ್ಕೆ ಸೇರಿದ್ದು, ಗುಲಾಮಗಿರಿ ಮುಗಿದಾಗಿಂದ ಬಂದ ಪದ್ಧತಿ. ಜನ ಇಲ್ಲದ ಹೊತ್ತಲ್ಲಿ ಆ ಕಾನೂನು ಬದಲಾಯಿಸೋ ಮಾತು ಎದ್ದಿತ್ತು. ಅಜ್ಜಿಗೆ ಸೂರಿನ ಚಿಂತೆಗಿಂತ ಅದೇ ಚಿಂತೆ. ಸೂರು ಹಾಕ್ಕೋಬಹುದು ಮಗಾ, ನೆಲ ಹೋದ್ರೆ ಸೂರು ಎಲ್ಲಿ ನಿಲ್ಲಿಸ್ಲಿ ಅನ್ನೋ ಅರ್ಥದಲ್ಲಿ ಅಂದ್ರು.

ಡೊಮಿನಿಕಾ ಆ ಸಲ ಬಿಟ್ಟುಹೋಗಿತ್ತು, ಆದ್ರೆ ನನ್ನ ಮನಸ್ಸಿಂದ ಬಿಟ್ಟಿರಲಿಲ್ಲ. ನಮ್ಮ ಪರಿಚಯದ ಕನ್ನಡದವರ ಮಗಳೊಬ್ಬಳು ಅಲ್ಲಿ ಪೋರ್ಟ್ಸ್‌ಮತ್ ಹತ್ರದ ರಾಸ್ ಮೆಡಿಕಲ್ ಕಾಲೇಜಲ್ಲಿ ಓದ್ತಿದ್ಲು. ಮರಿಯಾ ರಾತ್ರಿ ಆ ದೇಶದ ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್ ತಮ್ಮ ಮನೆ ಸೂರು ಹೋಯ್ತು ಅಂತ ಫೇಸ್‌ಬುಕ್ಕಲ್ಲಿ ಹಾಕಿದ್ರು, ಆಮೇಲೆ ಇಡೀ ದ್ವೀಪ ಮೌನ. ನಾಲ್ಕು ದಿನ ಆ ಹುಡುಗಿಯ ಸುದ್ದಿ ಇಲ್ಲ, ಅವಳಮ್ಮ ನಮ್ಮನೇಲೇ ಕೂತಿದ್ರು. ಹುಡುಗಿ ದೋಣೀಲಿ ಸೇಂಟ್ ಲೂಸಿಯಾ ತಲುಪಿ ಫೋನ್ ಮಾಡಿದ್ಲು. ಆ ಕಾಲೇಜು ಕೆಲವು ತಿಂಗಳು ಹಡಗಲ್ಲಿ ಪಾಠ ಮಾಡಿ, ಆಮೇಲೆ ಟೆನೆಸಿಗೆ ಹೋಗಿ, 2019ಕ್ಕೆ ಬಾರ್ಬಡೋಸ್‌ನಲ್ಲಿ ನೆಲೆ ಆಯ್ತು. ಮತ್ತೆ ಡೊಮಿನಿಕಾಗೆ ಬರಲೇ ಇಲ್ಲ. ವಿದ್ಯಾರ್ಥಿಗಳನ್ನ ನಂಬಿ ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಪೋರ್ಟ್ಸ್‌ಮತ್ ಜನರಿಗೆ ಅದು ಎರಡನೇ ಚಂಡಮಾರುತ.

2024ರ ಜನವರೀಲಿ ಗಂಡ ಮಗನ ಜೊತೆ ಕೊನೆಗೂ ಹೋದೆ. ಅಪ್ಪನಿಗೆ ಮೊಣಕಾಲು ನೋವು, ಬರೋಕಾಗಲಿಲ್ಲ. ರೋಜೋ ಅನ್ನೋ ಅದರ ರಾಜಧಾನೀಲಿ ಹಡಗು ಊರಿನ ಎದೆಗೇ ಬಂದು ನಿಲ್ಲತ್ತೆ. ಇಡೀ ದೇಶದಲ್ಲಿ ಸುಮಾರು 70 ಸಾವಿರ ಜನ. ಮರಿಯಾ ಒಂದೇ ರಾತ್ರೀಲಿ ಮಾಡಿದ ನಷ್ಟ ಆ ದೇಶದ ಎರಡು ವರ್ಷದ ಒಟ್ಟು ದುಡಿಮೆಗಿಂತ ಹೆಚ್ಚು, ಜಿಡಿಪಿಯ ಶೇ. 226. ಬೊಟಾನಿಕಲ್ ಗಾರ್ಡನ್‌ನಲ್ಲಿ ಒಂದು ಸ್ಕೂಲ್ ಬಸ್ ಇದೆ, 1979ರ ಡೇವಿಡ್ ಚಂಡಮಾರುತದಲ್ಲಿ ದೊಡ್ಡ ಬಾವೊಬಾಬ್ ಮರ ಮೇಲೆ ಬಿದ್ದು ಅಪ್ಪಚ್ಚಿ ಆಗಿದ್ದು. ಬಸ್ ಖಾಲಿ ಇತ್ತು. ಅವರು ಅದನ್ನ ತೆಗೆದೇ ಇಲ್ಲ, ಬಿದ್ದ ಮರ ಹಂಗೇ ಚಿಗುರಿ ಮತ್ತೆ ಮರ ಆಗಿದೆ. ಮಗ ಅದರ ಮುಂದಿಂದ ಏಳಲೇ ಇಲ್ಲ.

ಟ್ಯಾಕ್ಸಿಯವರು ಗುಡ್ಡದ ಮೇಲೆ ಲೊಡಾ ಅನ್ನೋ ಹಳ್ಳಿ ಕಡೆ ಕರ್ಕೊಂಡು ಹೋದ್ರು, ಅಲ್ಲಿ ಭೂಮಿಯೊಳಗಿನ ಬಿಸಿ ಹಬೆಯಿಂದ ಕರೆಂಟ್ ತೆಗೆಯೋ ಸ್ಥಾವರದ ಕೆಲಸ ನಡೀತಿತ್ತು, 10 ಮೆಗಾವ್ಯಾಟಿಂದು. ಹೊರಗಿಂದ ಡೀಸೆಲ್ ತರೋದು ತಪ್ಪಲಿ ಅಂತ. ಮರಿಯಾ ಆದ್ಮೇಲೆ ಕಡ್ಡಿ ಚುಚ್ಚಿದಂಗಿದ್ದ ಕಾಡು ಅಂತ ಅವರು ತೋರಿಸಿದ ಕಡೆಯೆಲ್ಲ ಈಗ ಹಸಿರು, ಜೀಗುಜ್ಜೆ ಮರ, ಕೆಸುವಿನ ಗದ್ದೆ, ಬಾಳೆ, ಸಕಲೇಶಪುರ ದಾಟಿ ಕೆಳಗಿಳಿದಂಗೇ. ಹೊಸ ಮನೆಗಳ ಸೂರು ನಾಲ್ಕೂ ಕಡೆ ಇಳಿಜಾರು, ತೊಲೆ ತೊಲೆಗೂ ಕಬ್ಬಿಣದ ಪಟ್ಟಿ, ಮೊಳೆ ಬದಲು ಸ್ಕ್ರೂ. ಕೆಲವು ಮನೆ ಬರೀ ಗೋಡೆ, ಒಳಗೆ ಗಿಡ ಬೆಳೆದಿತ್ತು. ಅವರೆಲ್ಲಿ ಅಂದೆ. ಇಂಗ್ಲೆಂಡು, ಗ್ವಾಡೆಲೋಪು, ಎಲ್ಲೆಲ್ಲೋ ಅಂದ್ರು.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಿಗ್ಗೆ ಹನ್ನೊಂದು, ಹಾಸನದಲ್ಲಿ ರಾತ್ರಿ ಎಂಟೂವರೆ, ಅಪ್ಪ ಊಟಕ್ಕೆ ಕೂತಿದ್ರು. ಬೆಟ್ಟ ತೋರಿಸಿದೆ, ಜಲಪಾತ ತೋರಿಸಿದೆ, "ಚಂದ ಇದೆ, ಕಂಬ ತೋರಿಸು" ಅಂದ್ರು. ತೋರಿಸಿದೆ. "ಮುಂದೆ ಹೋಗು, ಲೈನ್ ಎಲ್ಲಿವರೆಗೆ ಹೋಗತ್ತೆ ನೋಡು." ಟ್ಯಾಕ್ಸಿಯವರನ್ನ ಕೇಳಿದೆ, ಅವರು ನಗದೆ, ಯಾಕೆ ಅಂತಾನೂ ಕೇಳದೆ ರಸ್ತೆ ಮುಗಿಯೋವರೆಗೂ ಗಾಡಿ ಬಿಟ್ರು. ಅಲ್ಲಿ ಒಂದು ಕಂಬ, ಅದರಾಚೆ ಒಂದು ಮನೆ, ಜಗುಲೀಲಿ ಹಗಲಲ್ಲೂ ಬಲ್ಬ್ ಉರೀತಿತ್ತು. ಅವರ ತಂಗಿ ಮನೆನೇ ಅದು. ಫೋನ್ ಮೇಲೆತ್ತಿ ಹಿಡಿದೆ. ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿ ಕನ್ನಡಕ ಹಾಕ್ಕೊಂಡು ನೋಡಿದ್ರು. "ಸ್ಟೇ ವೈರ್ ಬಿಗಿಯಾಗಿ ಎಳೆದಿದ್ದಾರೆ. ಇನ್ಸುಲೇಟರ್ ಹೊಸದು. ಚೆನ್ನಾಗಿದೆ." ಆಮೇಲೆ, "ಎಡಗಡೆ ತಿರುಗಿಸು. ಆ ಮರದ ಕೊಂಬೆ ನೋಡು, ತಂತಿಗೆ ಹತ್ರ ಬಂದಿದೆ. ಮಳೆಗಾಲಕ್ಕೆ ಮುಂಚೆ ಕಡಿಸಬೇಕು ಅಂತ ಹೇಳು ಅವರಿಗೆ."

ಹೇಳಿದೆ. ಟ್ಯಾಕ್ಸಿಯವರು ತಲೆ ಎತ್ತಿ ಕೊಂಬೆ ನೋಡಿದ್ರು, ತಂಗಿಯನ್ನ ಕೂಗಿ ಕರೆದು ಅವಳಿಗೂ ತೋರಿಸಿದ್ರು. ಅಲ್ಲೂ ಗಾಳಿಗಾಲ ಶುರುವಾಗೋದು ಜೂನ್ ಒಂದಕ್ಕೆ. ಆಕೆ ಫೋನ್ ಹತ್ರ ಬಂದು ಅಪ್ಪನಿಗೆ ಮೊದಲು "ಗುಡ್ ಈವ್ನಿಂಗ್" ಅಂದ್ಲು, ಆಮೇಲೆ ಮೇ ತಿಂಗಳೊಳಗೆ ಕಡಿಸ್ತೀನಿ ಅಂದ್ಲು.